ಅಂಗಡಿ ಮೆಟ್ಟಿಲ ಮೇಲೆ ಬಿಟ್ಟ ಕೆರ

ಕೊಟ್ಟೂರು,
ರವಿವಾರ, ೫-೧೨-೧೯೮೨

ಪ್ರೀತಿಯ ಜಂಬಿಯ ಅಪ್ಪನಿಗೆ,

ಸುಂಕಮ್ಮ ಮಾಡುವ ನಮಸ್ಕಾರ. ಮೊದಲು ನಿಮ್ಮ ಆರೋಗ್ಯದ ಮಾತು. ಬೆಂಗಳೂರಿನ ಚಳಿಗೆ ಮೂಗು ಕಟ್ಟಿದೆಯೆಂದು ಬರೆದಿದ್ದೀರಿ. ಟ್ರಂಕಿನ ತಳದಲ್ಲಿ ಮಫ್ಲರ್ ಇಟ್ಟಿದ್ದೆ, ತೆಗೆದಿರೋ ಇಲ್ಲವೋ. ಕಣ್ಣೆದುರಿಗೆ ಇಟ್ಟದ್ದೇ ನಿಮಗೆ ಕಾಣುವುದಿಲ್ಲ, ಇನ್ನು ತಳದಲ್ಲಿದ್ದದ್ದು ಕಂಡೀತೆ. ಹೋಟೆಲಿನ ಅನ್ನದಿಂದ ಹೊಟ್ಟೆ ತುಂಬುವುದಿಲ್ಲವೆಂದೂ ಬರೆದಿದ್ದೀರಿ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಟ್ಟಿದ್ದೇನೆ, ಆ ಕಡೆ ಹೋಗುವವರು ಯಾರಾದರೂ ಸಿಕ್ಕರೆ ಕಳಿಸುತ್ತೇನೆ. ಅಲ್ಲಿಯತನಕ ರಾತ್ರಿ ಒಂದು ಲೋಟ ಬಿಸಿ ಹಾಲಾದರೂ ಕುಡಿಯಿರಿ. ಬರೇ ಚಾ ಕುಡಿದು ಮಲಗಬೇಡಿ. ನಾನು ಎದುರಿಗಿಲ್ಲವೆಂದು ಎಷ್ಟು ಲೋಟ ಆಗುತ್ತಿದೆಯೋ ನನಗೆ ಗೊತ್ತಿದೆ.

ನಾವು ಮೂವರೂ ಚೆನ್ನಾಗಿದ್ದೇವೆ. ನನ್ನ ಬಾಲವಾಡಿಗೆ ಮಕ್ಕಳು ದಿನಾ ಬರುತ್ತಿವೆ. ಉಪ್ಪಿಟ್ಟು ಬಂದ ದಿನ ಇನ್ನೂ ಹೆಚ್ಚು ಬರುತ್ತವೆ. ಜಂಬಿಗೆ ಮುಂದಿನ ಹಲ್ಲು ಬಿದ್ದಿದೆ, ನಗುವಾಗ ಥೇಟ್ ನಿಮ್ಮ ಅವ್ವನ ಹಾಗೆ ಕಾಣುತ್ತಾಳೆ. ಅವಳಿಗೆ ಈಗ ಒಂದೇ ಆಟ, ಚಪ್ಪಲಿ ಅಂಗಡಿ ಆಟ. ನನ್ನನ್ನು ಗೋಡೆಗೆ ಕೂರಿಸಿ, ತಾನು ಮಣೆ ಹಾಕಿಕೊಂಡು ಕೆಳಗೆ ಕೂತು, ನನ್ನ ಕಾಲು ಹಿಡಿದು, ನಿಮ್ಮದೇ ದನಿಯಲ್ಲಿ "ಎಲ್ಲಿ ಕಚ್ಚತೈತ್ರಿ?" ಎಂದು ಕೇಳುತ್ತಾಳೆ. ಮೊನ್ನೆ ತಾತನ ಹತ್ತಿರವೂ ಹೋದಳು. ಮಾವ ಕಾಲು ಹಿಂದಕ್ಕೆ ಎಳೆದುಕೊಂಡು, "ಹೋಗಲೇ, ನಿಮ್ಮಪ್ಪಗ ಆಗಿದ್ದು ಸಾಕು" ಎಂದರು. ಅವಳಿಗೆ ಏನೂ ತಿಳಿಯಲಿಲ್ಲ, ನನಗೆ ತಿಳಿಯಿತು. ಮಾವನ ಕೆಮ್ಮು ಕಡಿಮೆಯಾಗಿದೆ. ಆದರೆ ಈ ಚಳಿಯಲ್ಲೂ ಬರಿಗಾಲಲ್ಲೇ ಓಡಾಡುತ್ತಾರೆ. ಹಿಮ್ಮಡಿ ಒಡೆದು ಬಿರುಕು ಬಿಟ್ಟಿದೆ. ನೀವು ಮೊದಲ ಪಗಾರದಲ್ಲಿ ತಂದುಕೊಟ್ಟ ಚಪ್ಪಲಿ ಜೋಡು ಡಬ್ಬಿಯ ಸಮೇತ ಅವರು ಮಲಗುವ ಹೊರಸಿನ ಕೆಳಗೇ ಇದೆ. ಕಸ ಗುಡಿಸುವಾಗ ದಿನಾ ಅದನ್ನು ಸರಿಸಿ ಮತ್ತೆ ಅಲ್ಲೇ ಇಡುವುದು ನನ್ನ ಒಂದು ಕೆಲಸವಾಗಿದೆ.

ಈಗ ನಿಮ್ಮ ಪತ್ರದ ವಿಷಯ. ಇನ್‌ಲ್ಯಾಂಡಿನಲ್ಲಿ ಹಿಡಿಯುವ ಉತ್ತರವಲ್ಲವೆಂದು ಫುಲ್‌ಸ್ಕೇಪ್ ಹಾಳೆ ತಂದು ಕೂತಿದ್ದೇನೆ. ತರಬೇತಿಯ ಸರ್ ಹೇಳಿದ್ದನ್ನು ನೀವು ಬಹಳ ಖುಷಿಯಿಂದ ಬರೆದಿದ್ದೀರಿ. ದಾವಣಗೆರೆಯಲ್ಲಿ ನಿಮ್ಮ ಚಪ್ಪಲಿ ಕಂಪನಿ ಎರಡು ಮಹಡಿಯ ಅಂಗಡಿ ತೆರೆಯುತ್ತದೆ, ಅಲ್ಲಿ ಗಿರಾಕಿ ತಾನೇ ಬಂದು, ತಾನೇ ನಂಬರು ನೋಡಿ, ತಾನೇ ಹಾಕಿಕೊಂಡು, ಡಬ್ಬಿ ಹಿಡಿದು ಬಾಗಿಲಲ್ಲಿ ದುಡ್ಡು ಕಟ್ಟಿ ಹೋಗುತ್ತಾನೆ, ಯಾರೂ ಯಾರ ಕಾಲನ್ನೂ ಮುಟ್ಟಬೇಕಿಲ್ಲ. ದೇಶದ ತುಂಬ ಅಂಗಡಿಯಿರುವ ಕಂಪನಿಗೆ ಉಪಚಾರ ಯಾಕೆ ಬೇಕು, ಹೆಸರೇ ಸಾಕು ಎಂದರಂತೆ ಆ ಸರ್. ನಿಮಗೆ ದಾವಣಗೆರೆಯೂ ಸಿಗುತ್ತದೆ, ಬೇಡವೆಂದರೆ ಕೊಟ್ಟೂರಿನ ಅಂಗಡಿಯೇ ಇರುತ್ತದೆ. ತಿಂಗಳ ಕೊನೆಯೊಳಗೆ ಹೇಳಬೇಕು, ನೀನೇನನ್ನುತ್ತಿ ಎಂದು ಕೇಳಿದ್ದೀರಿ. ನೀವು ಏನು ಅಂದುಕೊಂಡಿದ್ದೀರಿ ಎಂಬುದು ಆ ಅಕ್ಷರದಲ್ಲೇ ಕಂಡಿತು. "ಯಾರ ಕಾಲನ್ನೂ ಮುಟ್ಟಬೇಕಿಲ್ಲ" ಎಂಬುದನ್ನು ಎರಡು ಸಲ ಬರೆದು ಕೆಳಗೆ ಗೆರೆ ಬೇರೆ ಎಳೆದಿದ್ದೀರಿ.

ಆ ಗೆರೆ ಯಾರಿಗಾಗಿ ಎಳೆದದ್ದೆಂದು ನನಗೆ ಗೊತ್ತು. ನಿಮಗೆ ನೌಕರಿಯಾದ ಹೊಸತರಲ್ಲಿ ಮಾವ ತೊಳೆದ ಧೋತರ ಉಟ್ಟು, ಮಗನ ಅಂಗಡಿ ನೋಡಬೇಕೆಂದು ಬಜಾರಿಗೆ ಬಂದಿದ್ದರು. ರಸ್ತೆಯಿಂದಲೇ ನೋಡಿದರು. ನೀವು ಆ ಗಿಡ್ಡ ಸ್ಟೂಲಿನ ಮೇಲೆ ಕೂತು ಒಬ್ಬನ ಕಾಲು ನಿಮ್ಮ ತೊಡೆಯ ಮೇಲಿಟ್ಟುಕೊಂಡು ಬೂಟಿನ ದಾರ ಕಟ್ಟುತ್ತಿದ್ದಿರಿ. ಅವನು ಬೇರೆ ಯಾರಾದರೂ ಆಗಿದ್ದರೆ ಏನಾಗುತ್ತಿತ್ತೋ, ಮಾವ ವರ್ಷಾವರ್ಷ ಯಾರ ಮನೆಗೆ ಕೆರ ಹೊಲಿದು ಕೊಡುತ್ತಿದ್ದರೋ ಆ ಗೌಡರ ಮೊಮ್ಮಗನೇ ಅವತ್ತು ಕುರ್ಚಿಯಲ್ಲಿ ಕೂತಿದ್ದ. ಮಾವ ಹಾಗೇ ತಿರುಗಿ ಬಂದರು. ಸಂಜೆ ನೀವು ಬಂದಾಗ ಅವರು ಅಂದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ನಾವು ಕೆರ ಮಾಡಿ ದೂರ ಇಟ್ಟು ಬರ್ತಿದ್ವಿ. ಕಾಲು ಹಿಡೀತಿದ್ದಿಲ್ಲ. ನೀನು ಓದಿ, ಪಗಾರ ತಗೊಂಡು ಕಾಲು ಹಿಡಿಯಾಕ ಹೋಗೀದಿ." ಅವತ್ತಿನಿಂದ ಮಾವ ಆ ಬೀದಿಯನ್ನೇ ತುಳಿದಿರಲಿಲ್ಲ. ನೀವೂ ಅಂಗಡಿಯ ಮಾತನ್ನು ಮನೆಯೊಳಗೆ ತರುವುದು ಬಿಟ್ಟಿರಿ. ಅಪ್ಪ ಮಗ ಇಬ್ಬರೂ ಊಟಕ್ಕೆ ಕೂತಾಗ ಮಳೆ, ಕರೆಂಟು, ಜಂಬಿಯ ಹಲ್ಲು, ಇಷ್ಟೇ ಮಾತು. ನಡುವೆ ರೊಟ್ಟಿ ಬಡಿಸುತ್ತ ನನಗೆ ಸಾಕಾಗಿ ಹೋಗಿದೆ.

ನಿಮ್ಮ ಜಾಗಕ್ಕೆ ಬಂದಿರುವ ಏಕಾಂತಪ್ಪನ ಸುದ್ದಿ ಹೇಳದೆ ನನ್ನ ಉತ್ತರ ನಿಮಗೆ ತಿಳಿಯುವುದಿಲ್ಲ. ಹರಪನಹಳ್ಳಿ ಕಡೆಯವರು, ಜಂಗಮರ ಮನೆತನ, ಇನ್ನೂ ಮದುವೆಯಾಗಿಲ್ಲ. ಮನುಷ್ಯ ಒಳ್ಳೆಯವರೇ. ನನ್ನನ್ನು ಅಕ್ಕಾರೆ ಎನ್ನುತ್ತಾರೆ. ಆದರೆ ನಿಮ್ಮ ಸರ್‌ನ ಪಾಠ ಅವರಿಗೂ ಆಗಿದೆ. ಬಂದ ಮರುದಿನವೇ ನಿಮ್ಮ ಗಿಡ್ಡ ಸ್ಟೂಲನ್ನು ಹಿಂದಿನ ಕೋಣೆಗೆ ಸೇರಿಸಿ, "ನೀವೇ ಹಾಕಿಕೊಂಡು ನೋಡಿ" ಎಂದು ರಟ್ಟಿನ ಮೇಲೆ ಬರೆದು ತೂಗು ಹಾಕಿದರು. ಓದು ಬರುವವರು ಓದಿದರು. ಬಾರದ ಹೆಂಗಸರು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಯಾರಾದರೂ ಬಂದು ಕೇಳುತ್ತಾರೇನೋ ಎಂದು ಕೂತೇ ಇದ್ದು, ಕಡೆಗೆ ಡಬ್ಬಿ ಅಲ್ಲೇ ಬಿಟ್ಟು ಎದ್ದು ಹೋದರು. ನಮ್ಮ ಓಣಿಯ ಎರ್ರೆಮ್ಮ ಒಬ್ಬಳು ಧೈರ್ಯ ಮಾಡಿ ತಾನೇ ಆರಿಸಿ ಒಯ್ದಳು. ಮನೆಗೆ ಹೋಗಿ ನೋಡಿದರೆ ಎರಡೂ ಎಡಗಾಲಿನವು. ಅವಳು ನಕ್ಕಿದ್ದು ಬೈದಿದ್ದು ಎರಡೂ ಓಣಿಗೆಲ್ಲ ಕೇಳಿಸಿತು.

ಆಮೇಲೆ ಸಂತೆಯ ದಿನ ನಡೆದದ್ದು ಕೇಳಿ. ಉಜ್ಜಿನಿ ಕಡೆಯ ಕುರಿಹಟ್ಟಿಯ ಮೈಲಪ್ಪಜ್ಜ ನಿಮಗೆ ಗೊತ್ತಲ್ಲ, ಮಾವನ ಹಳೆಯ ಗಿರಾಕಿ, ದೊಡ್ಡ ರುಮಾಲು, ಹೆಗಲ ಮೇಲೆ ಕಂಬಳಿ. ಮೊಮ್ಮಗಳು ತಿಪ್ಪೇರುದ್ರಮ್ಮ ಇಲ್ಲಿಯ ಹೈಸ್ಕೂಲಿಗೆ ಸೇರಿದ್ದಾಳೆ, ಅವಳಿಗೆ ಚಪ್ಪಲಿ ಕೊಡಿಸಬೇಕೆಂದು ನಿಮ್ಮ ಅಂಗಡಿಗೇ ಬಂದಿದ್ದಾನೆ. ನಮ್ಮ ಜನ ನಿಮ್ಮ ಅಂಗಡಿಗೆ ಹೇಗೆ ಬರುತ್ತಾರೆಂದು ಆ ಸರ್‌ಗೆ ಹೇಳಿದ್ದೀರೋ ಇಲ್ಲವೋ. ಗಾಜಿನ ಬಾಗಿಲು, ಒರೆಸಿದ ನೆಲ ನೋಡಿದ ಕೂಡಲೇ ಅವರಿಗೆ ಯಾರದೋ ಮನೆಗೆ ಬಂದ ಹಾಗೆ ಆಗುತ್ತದೆ, ಕಾಲಲ್ಲಿದ್ದದ್ದನ್ನು ಮೆಟ್ಟಿಲ ಮೇಲೆ ಬಿಟ್ಟೇ ಒಳಗೆ ಬರುತ್ತಾರೆ. ಚಪ್ಪಲಿ ಅಂಗಡಿಗೆ ಚಪ್ಪಲಿ ಬಿಟ್ಟು ಬರುವ ಜನ ನಾವು. ನೀವು ಇದ್ದಾಗ ಅವನ್ನು ಒಂದು ಬದಿಗೆ ಜೋಡಿಸಿ, ಹೊರಗೆ ಬರುವಾಗ ಸೀದಾ ಕಾಲಿಡಲು ಬರುವ ಹಾಗೆ ರಸ್ತೆಯ ಕಡೆ ಮುಖ ಮಾಡಿ ಇಡುತ್ತಿದ್ದಿರಿ. ನಾನು ಬುತ್ತಿ ತಂದಾಗ ಎಷ್ಟೋ ಸಲ ನೋಡಿದ್ದೇನೆ. ಏಕಾಂತಪ್ಪನವರಿಗೆ ಇದು ಗೊತ್ತಿಲ್ಲ. ಅವರು ಮೊದಲಿದ್ದ ಪಟ್ಟಣದ ಅಂಗಡಿಯಲ್ಲಿ ಹೊಸದು ಕೊಂಡವರು ಹೊಸದನ್ನೇ ಮೆಟ್ಟಿ, ಹಳೆಯದನ್ನು ಬಾಗಿಲಲ್ಲಿ ಒಗೆದು ಹೋಗುತ್ತಿದ್ದರಂತೆ. ಮೆಟ್ಟಿಲ ಮೇಲೆ ಮಣ್ಣು ಹಿಡಿದ, ಮೂರು ಅಟ್ಟೆಯ, ಮೊಳೆ ಬಡಿದ ದೊಡ್ಡ ಕೆರ ಕಂಡಿದೆ. ಯಾರೋ ಬಿಟ್ಟು ಹೋದದ್ದೆಂದು ಎತ್ತಿ, ಅದೇ ಹೊತ್ತಿಗೆ ಬಂದ ಗುಜರಿಯವನ ಚೀಲಕ್ಕೆ ಹಾಕಿಬಿಟ್ಟರು. ಅಜ್ಜ ಒಳಗೆ ಕೂತು ಮೊಮ್ಮಗಳ ಕಾಲು ನೋಡುತ್ತಿದ್ದಾನೆ, ಹೊರಗೆ ಅವನ ಕೆರ ಹಗರಿಬೊಮ್ಮನಹಳ್ಳಿಯ ದಾರಿ ಹಿಡಿದಿದೆ.

ಹೊರಗೆ ಬಂದು ಕೇಳಿದರೆ ಏಕಾಂತಪ್ಪನವರಿಗೆ ಗಾಬರಿ. ಗಾಬರಿಯಲ್ಲಿ ಮನುಷ್ಯ ಗೋಡೆಯ ಬೋರ್ಡಿನ ಹಿಂದೆ ಅಡಗುತ್ತಾನೆ ನೋಡಿ, ಹಾಗೇ ಆಯಿತು. ಗಿರಾಕಿಗಳ ಸಾಮಾನಿಗೆ ಕಂಪನಿ ಜವಾಬ್ದಾರಿಯಲ್ಲ ಎಂದು ಬರೆದದ್ದನ್ನು ತೋರಿಸಿದರಂತೆ. ಮೈಲಪ್ಪಜ್ಜ ಜಗಳ ಆಡಲಿಲ್ಲ. ಮೊಮ್ಮಗಳಿಗೆ ಆರಿಸಿದ ಚಪ್ಪಲಿಯನ್ನು ಡಬ್ಬಿಯಲ್ಲೇ ಇಟ್ಟು, ಬಿಸಿಲಲ್ಲಿ ಬರಿಗಾಲಲ್ಲಿ ಸೀದಾ ನಮ್ಮ ಕೇರಿಗೆ ಬಂದ. ನಾನು ಬಾಲವಾಡಿಯಿಂದ ಆಗಷ್ಟೇ ಬಂದಿದ್ದೆ. ಅಂಗಳದಲ್ಲಿ ನಿಂತು, "ಹುಲುಗಪ್ಪ, ನೀ ಮಾಡಿದ ಕೆರ ನಿನ್ನ ಮಗನ ಅಂಗಡ್ಯಾಗ ಹೋದ್ವು ನೋಡಪ" ಎಂದ. ಮಾವ ಮೊದಲು ಅವನ ಮುಖ ನೋಡಲಿಲ್ಲ, ಕಾಲು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನಾ ಹೇಳಿದ್ದಿಲ್ಲೇನು, ಆ ಅಂಗಡಿ ನಮ್ಮಂಥೋರಿಗಲ್ಲ ಅಂತ" ಎಂದರು. ಸಂಜೆಯೊಳಗೆ ಬಜಾರಿನ ತುಂಬ ಒಂದೇ ಮಾತಾಯಿತು, ಚಪ್ಪಲಿ ಅಂಗಡಿಯಲ್ಲೇ ಚಪ್ಪಲಿ ಕಳವಾಗುತ್ತದಂತೆ ಎಂದು. ಬೇಲಿ ಎದ್ದು ಹೊಲ ಮೇಯ್ದಿತಲ್ಲ ಎಂದು ನಮ್ಮ ಓಣಿಯವರೂ ನಕ್ಕರು. ನನಗೆ ನಗು ಬರಲಿಲ್ಲ. ನೀವು ಒಂದೊಂದೇ ಗಿರಾಕಿಯನ್ನು ಕೂಡಿಸಿ ಮಾಡಿದ ಅಂಗಡಿ ಅದು.

ಮಾವ ಅಜ್ಜನಿಗೆ ನೀರು ಕೊಡಿಸಿ, ಬೇರೆ ಜೋಡು ಹೊಲಿದು ಕೊಡುತ್ತೇನೆಂದು ಎದ್ದರು. ಅವರು ಅಳತೆ ತೆಗೆಯುವ ರೀತಿ ನಿಮಗೆ ಗೊತ್ತೇ ಇದೆ, ಜಂಬಿ ಮಾತ್ರ ನೋಡಿರಲಿಲ್ಲ, ಕಣ್ಣರಳಿಸಿ ನಿಂತಳು. ಜರಡಿ ಹಿಡಿದ ಬೂದಿಯನ್ನು ಅಂಗಳದಲ್ಲಿ ಹರಡಿದರು, ಅಜ್ಜ ಅದರ ಮೇಲೆ ಕಾಲಿಟ್ಟು ಪಕ್ಕಕ್ಕೆ ಸರಿದ, ಮಾವ ಆ ಗುರುತಿನ ಮೇಲೆ ಜೋಳದ ದಂಟಿನ ಕಡ್ಡಿ ಇಟ್ಟು ಉದ್ದಕ್ಕೊಂದು ಅಗಲಕ್ಕೊಂದು ಮುರಿದುಕೊಂಡರು. "ತಾತ, ಅಜ್ಜನ ಕಾಲು ಯಾಕ ಹಿಡಿಲಿಲ್ಲ?" ಎಂದು ಜಂಬಿ ಕೇಳಿದಳು. ಮಾವ ಈ ಕೆಲಸ ಕಲಿತದ್ದು, ಮುಟ್ಟಿದರೆ ಗಿರಾಕಿಗಳು ಮನೆಗೆ ಹೋಗಿ ಕಾಲು ತೊಳೆಯುತ್ತಿದ್ದ ಕಾಲದಲ್ಲಿ. ಹುಟ್ಟಿದಾಗಿನಿಂದ ಊರಿಗೆಲ್ಲ ಕೆರ ಮಾಡಿದ ಮನುಷ್ಯ ಊರಿನ ಒಂದು ಕಾಲನ್ನೂ ಮುಟ್ಟಿ ನೋಡಿಲ್ಲ. ಮೈಲಪ್ಪಜ್ಜನೇ ಜಂಬಿಗೆ ಉತ್ತರ ಕೊಟ್ಟ. "ನಿಮ್ಮ ತಾತ ಹಿಡೀಲಿಲ್ಲವ್ವ, ಹಿಡಿಯಾಕ ನಾವು ಬಿಡಲಿಲ್ಲ. ನಿಮ್ಮಪ್ಪ ಹಿಡಿದ." ಆಮೇಲೆ ಅವನು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದೆ. ನನಗಾದರೂ ಒಂದು ಮಾತು ಹೇಳಬಾರದಿತ್ತೆ ನೀವು.

ಹೋದ ಚಳಿಗಾಲದಲ್ಲಿ ಅಜ್ಜ ಕುಂಟುತ್ತ ನಿಮ್ಮ ಅಂಗಡಿಗೆ ಬಂದಿದ್ದನಂತೆ, ಮೆತ್ತನೆಯ ಚಪ್ಪಲಿ ಏನಾದರೂ ಇದ್ದರೆ ಕೊಡು ಎಂದು. ನೀವು ಚಪ್ಪಲಿ ತೋರಿಸದೆ ಕಾಲು ಹಿಡಿದು, ಎಲ್ಲಿ ಕಚ್ಚುತ್ತದೆ ಎಂದು ಕೇಳಿ, ಹಿಮ್ಮಡಿಯ ಬಿರುಕಿನೊಳಗೆ ಮುರಿದು ಕೂತಿದ್ದ ಜಾಲಿಮುಳ್ಳನ್ನು ತೆಗೆದಿರಂತೆ. ನಿಮಗೆ ಹೊಸ ಚಪ್ಪಲಿ ಬೇಡ, ಇವೇ ಗಟ್ಟಿಯಾಗಿವೆ, ರಾತ್ರಿ ಹಿಮ್ಮಡಿಗೆ ಎಣ್ಣೆ ಹಚ್ಚಿ ಎಂದು ಹೇಳಿ ಬರಿಗೈಯಲ್ಲಿ ಕಳಿಸಿದಿರಂತೆ. "ನನ್ನ ಹೆಣ್ತಿ ಸತ್ತಮ್ಯಾಲೆ ನನ್ನ ಕಾಲು ನೋವಿನ ಸುದ್ದಿ ಯಾರೂ ಕೇಳಿದ್ದಿಲ್ಲ ಹುಲುಗಪ್ಪ. ಸೋಮಪ್ಪ ಕೇಳಿದ. ಅದಕ್ಕ ಮೊಮ್ಮಗಳನ್ನ ಅಲ್ಲಿಗೇ ಕರಕೊಂಡು ಬಂದೆ. ಕಂಪನಿ ಗಿಂಪನಿ ನನಗೇನು ಗೊತ್ತು, ನನಗ ಅದು ಸೋಮಪ್ಪನ ಅಂಗಡಿ" ಎಂದ. ಮಾವ ಕೈಯಲ್ಲಿದ್ದ ಕಡ್ಡಿಯನ್ನೇ ನೋಡುತ್ತ ಕೂತಿದ್ದರು. ಅಜ್ಜ ಅವತ್ತು ರಾತ್ರಿ ಇಲ್ಲೇ ಕೊಟ್ಟೂರಲ್ಲಿರುವ ಮಗಳ ಮನೆಗೆ ಹೋದ ಮೇಲೂ ಮಾವನಿಗೆ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಬಾಲವಾಡಿಗೆ ಹೋಗುವ ಮೊದಲು ಅಂಗಡಿಗೆ ಹೋದೆ. ನನ್ನ ಬಾಯಿ ನಿಮಗೆ ಗೊತ್ತಲ್ಲ. ದಾರಿಯುದ್ದಕ್ಕೂ ಬೈಗಳ ಜೋಡಿಸಿಕೊಂಡೇ ಹೋಗಿದ್ದೆ. ಅಲ್ಲಿ ನೋಡಿದರೆ ಏಕಾಂತಪ್ಪನವರು ಆಗಲೇ ಬಾಗಿಲಲ್ಲಿ ಬೀಗದ ಕೈ ಹಿಡಿದು ನಿಂತಿದ್ದಾರೆ. ಮುಖ ಬಾಡಿ ಹೋಗಿದೆ. "ಅಕ್ಕಾರೆ, ಹಳೇವು ಬಿಟ್ಟು ಹೋಗ್ಯಾರೆ ಅಂದ್ಕಂಡೆ. ಮನೆಗೆ ಬಂದಂಗೆ ಚಪ್ಪಲಿ ಬಿಟ್ಟು ಬರ್ತಾರೆ ಅಂತ ನಂಗೇನು ಗೊತ್ತಿತ್ತು. ಅಜ್ಜನ ಮುಖ ಕಣ್ಣಾಗೇ ಐತೆ, ಬೋರ್ಡು ತೋರಿಸಿದ್ದು ತಪ್ಪಾತು" ಎಂದರು. ಜೋಡಿಸಿದ ಬೈಗಳೆಲ್ಲ ಹಾಗೇ ಉಳಿಯಿತು. ಗುಜರಿಯವನು ಹಗರಿಬೊಮ್ಮನಹಳ್ಳಿಯವನು ಎಂದು ನಾನೇ ಹೇಳಿದೆ. ಅವತ್ತು ಅಂಗಡಿ ಮುಚ್ಚಿ ಅವರು ರೈಲು ಹತ್ತಿದರು. ಕಂಪನಿಗೆ ಏನು ಹೇಳುತ್ತೀರಿ ಎಂದು ಕೇಳಿದ್ದಕ್ಕೆ, ಗಿರಾಕಿ ಕೆಲಸದ ಮೇಲೆ ಹೋಗಿದ್ದೆ ಅಂತೀನಿ, ಸುಳ್ಳೇನಲ್ಲವಲ್ಲ ಎಂದರು.

ಸಂಜೆಯ ರೈಲಿಗೆ ಬಂದಾಗ ನಾನೂ ಜಂಬಿಯೂ ಬಜಾರಿನಲ್ಲಿದ್ದೆವು. ಇಸ್ತ್ರಿಯ ಪ್ಯಾಂಟು, ಹಣೆಯಲ್ಲಿ ವಿಭೂತಿ, ಎರಡು ಕೈಯಲ್ಲಿ ಎರಡು ಕೆರ ಹಿಡಿದು ಆ ಮನುಷ್ಯ ನಡೆದು ಬರುತ್ತಿದ್ದರೆ ಕಿರಾಣಿ ಅಂಗಡಿಯವರೆಲ್ಲ ಎದ್ದು ನಿಂತು ನೋಡಿದರು. ಒಂದು ಚೀಲಕ್ಕಾದರೂ ಹಾಕಿಕೊಂಡು ಬರಬಾರದೇ ಎಂದೆ. "ಚೀಲದಾಗೆ ಹಾಕಿದ್ರೆ ಮತ್ತೆ ಯಾರನ ಗುಜರಿ ಅಂದ್ಕಂಡಾರು ಅಕ್ಕಾರೆ" ಎಂದರು. ಗುಜರಿಯ ರಾಶಿಯಲ್ಲಿ ಹುಡುಕಿ ಹುಡುಕಿ ತಂದಿದ್ದರಂತೆ. ಒಂದರಲ್ಲಿ ಹೆಬ್ಬೆರಳು ತೂರಿಸುವ ಉಂಗುಟ ಮಾತ್ರ ಕಿತ್ತು ಹೋಗಿತ್ತು. ಜಂಬಿಯನ್ನು ಕಳಿಸಿ ಮೈಲಪ್ಪಜ್ಜನನ್ನು ಕರೆಸಿದೆವು, ಮಾವನಿಗೂ ಹೇಳಿ ಬಾ ಎಂದೆ. ಮಾವ ಉಂಗುಟದ ಚರ್ಮ ಕೊಟ್ಟು ಕಳಿಸುತ್ತಾರೆ, ಇಲ್ಲವೇ ಕೆರವನ್ನೇ ಮನೆಗೆ ತರಿಸಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ಉಳಿ, ದಾರದ ಗಂಟು ಬಗಲಲ್ಲಿಟ್ಟುಕೊಂಡು, ಜಂಬಿಯ ಕೈ ಹಿಡಿದು, ಅಷ್ಟು ವರ್ಷ ತುಳಿಯದ ಬೀದಿಯಲ್ಲಿ ನಡೆದು ಬಂದರು. ನೀವಿರಬೇಕಿತ್ತು ಅನ್ನಿಸಿತು.

ಬಂದವರು ಹೊರಗಿನ ಮೆಟ್ಟಿಲ ಮೇಲೇ ಕೂರಲು ಹೋದರು. ಒಳಗೆ ಕುರ್ಚಿಯಲ್ಲಿದ್ದ ಅಜ್ಜ, "ಒಳಗ ಬಾರಪ, ಬೆಳಕೈತಿ" ಎಂದ. ಏಕಾಂತಪ್ಪನವರು ಹಿರಿಯರು ಕೂತು ಹೊಲಿಯಲಿ ಎಂದು ಹಿಂದಿನ ಕೋಣೆಯಿಂದ ನಿಮ್ಮ ಗಿಡ್ಡ ಸ್ಟೂಲು ತಂದಿಟ್ಟರು. ಅವರಿಗೇನು ಗೊತ್ತು ಪಾಪ. ಮಾವ ಆ ಸ್ಟೂಲು ನೋಡಿ ನಿಂತೇಬಿಟ್ಟರು. ಮುಖ ಕೆಂಪಾಯಿತು. ಇನ್ನೇನು ತಿರುಗಿ ಹೊರಟೇ ಹೋಗುತ್ತಾರೆಂದು ನಾನು ಅವರ ಹಿಂದೆ ಬಾಗಿಲಿಗೆ ಅಡ್ಡ ನಿಂತೆ. ಆಗ ಮೈಲಪ್ಪಜ್ಜ ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಕಂಬಳಿ ತೆಗೆದು, "ಅದು ಕೆಲಸ ಮಾಡೋರ ಜಾಗ. ನಿನಗ ಪಗಾರ ಕೊಡ್ತಾರೇನು ಇಲ್ಲಿ? ನೀನು ನನ್ನ ಮಗ್ಗಲಕ ಕುಂದ್ರು" ಎಂದ. ಮಾವ ಕೂತರು. ಕುರ್ಚಿಯ ತುದಿಯಲ್ಲಿ ಮೊದಲು, ಆಮೇಲೆ ಪೂರ್ತಿ. ಇಬ್ಬರು ಮುದುಕರು ಅಕ್ಕಪಕ್ಕ, ಹೆಗಲಿಗೆ ಹೆಗಲು ತಾಗುತ್ತಿತ್ತು. ಮಾವ ಅಲ್ಲೇ ಹೊಸ ಉಂಗುಟ ಹಾಕಿ, ದಾರ ಎಳೆದು, ಹಲ್ಲಿನಿಂದ ಕಡಿದು, ಎರಡೂ ಕೆರವನ್ನು ತಮ್ಮ ಹಳೆಯ ರೂಢಿಯಂತೆ ಅಜ್ಜನ ಮುಂದೆ ನೆಲದ ಮೇಲೆ ಸ್ವಲ್ಪ ದೂರದಲ್ಲಿ ಇಟ್ಟರು.

ಅಜ್ಜ ಬಗ್ಗಲು ಹೋದ, ಸೊಂಟ ಬಗ್ಗಲಿಲ್ಲ. ಮಾವನ ಕೈ ಮುಂದೆ ಬರಲಿಲ್ಲ. ಅಷ್ಟರಲ್ಲಿ ಏಕಾಂತಪ್ಪನವರು ಏನು ತಿಳಿಯಿತೋ ಏನೋ, ಬಂದು ಆ ಸ್ಟೂಲಿನ ಮೇಲೆ ತಾವೇ ಕೂತರು. ಅಜ್ಜನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಮಣ್ಣು ಒರೆಸಿ, ಕೆರ ತೊಡಿಸಿ, ಉಂಗುಟ ಎಳೆದು ನೋಡಿ, ನಾಚುತ್ತಲೇ, "ಎಲ್ಲನ ಕಚ್ಚತೈತಾ ಅಜ್ಜಾರೆ?" ಎಂದು ಕೇಳಿದರು. ಜಂಬಿ ಕೈ ತಟ್ಟಿದಳು. ಅವಳಿಗೆ ಅದು ಆಟ. ನಾನು ಮಾವನನ್ನೇ ನೋಡುತ್ತಿದ್ದೆ. ಅವರು ಒಮ್ಮೆ ಏಕಾಂತಪ್ಪನವರ ಹಣೆಯ ವಿಭೂತಿ ನೋಡಿದರು, ಒಮ್ಮೆ ಅವರ ತೊಡೆಯ ಮೇಲಿದ್ದ ಕಾಲು ನೋಡಿದರು. ಆಮೇಲೆ ಬಹಳ ಹೊತ್ತು ಸ್ಟೂಲನ್ನೇ ನೋಡಿದರು. ಮೈಲಪ್ಪಜ್ಜ ಅವತ್ತೇ ಮೊಮ್ಮಗಳ ಚಪ್ಪಲಿಯನ್ನೂ ಕೊಂಡ. ಮನೆಗೆ ಬರುವ ದಾರಿಯಲ್ಲಿ ಮಾವ ಒಂದೇ ಮಾತು ಅಂದರು. "ಅಲ್ಲಿ ಯಾರು ಕುಂತ್ರೂ ಅದೇ ಕೆಲಸ ಐತಿ ಬಿಡವ್ವ. ನಾ ಬ್ಯಾರೆ ತಿಳಕಂಡಿದ್ದೆ."

ಆ ಸ್ಟೂಲು ಈಗ ಹಿಂದಿನ ಕೋಣೆಗೆ ಹೋಗಿಲ್ಲ. ರಟ್ಟಿನ ಬೋರ್ಡು ಇಳಿದಿದೆ. ಮೆಟ್ಟಿಲ ಪಕ್ಕ ಏಕಾಂತಪ್ಪನವರೇ ಒಂದು ಹಲಗೆ ಹಾಕಿ, ಬಿಟ್ಟ ಚಪ್ಪಲಿಗಳನ್ನು ರಸ್ತೆಯ ಕಡೆ ಮುಖ ಮಾಡಿ ಜೋಡಿಸುತ್ತಾರೆ. ಎರ್ರೆಮ್ಮನಿಗೆ ಬಲಗಾಲಿನದೂ ಸಿಕ್ಕಿತು. ಕಳವಿನ ಮಾತು ಆಡಿದವರೇ ಈಗ, ಕಳೆದ ಕೆರವನ್ನು ರೈಲಿಗೆ ಹೋಗಿ ಹುಡುಕಿ ತರುವ ಅಂಗಡಿ ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ಮೊನ್ನೆ ಏಕಾಂತಪ್ಪನವರು ನಮ್ಮ ಮನೆಗೆ ಬಂದು ಒಳಗೆ ಕೂತು ಚಾ ಕುಡಿದು, ಸಕ್ಕರೆ ಕಡಿಮೆಯಾಯಿತೆಂದು ನನಗೇ ಹೇಳಿ ಹೋದರು.

ಇನ್ನು ನನ್ನ ಉತ್ತರ. ನಿಮ್ಮ ಸರ್ ಹೇಳಿದ್ದು ಅವರ ಊರಿಗೆ ಸರಿಯಿರಬಹುದು. ಕಂಪನಿಯ ಹೆಸರು ದೊಡ್ಡದೇ. ಆದರೆ ನಮ್ಮ ಜನ ಹೆಸರು ಓದಿ ಒಳಗೆ ಬರುವುದಿಲ್ಲ, ಮುಖ ನೋಡಿ ಬರುತ್ತಾರೆ. ಎಷ್ಟು ಮಹಡಿ ಕಟ್ಟಿದರೂ ಒಳಗೆ ಒಬ್ಬರು ಎಲ್ಲಿ ಕಚ್ಚುತ್ತದೆ ಎಂದು ಕೇಳದಿದ್ದರೆ, ಹೆಸರು ಗಂಗಾಭವಾನಿ ಕುಡಿಯಲು ನೀರಿಲ್ಲ ಎಂದ ಹಾಗೆ. ಹಾಗೆಂದು ಯಾವನಾದರೂ ಸೊಕ್ಕಿನಿಂದ ಕಾಲು ಚಾಚಿದರೆ, ನೀನೇ ಹಾಕಿಕೋ ಎಂದು ಡಬ್ಬಿ ಕೊಟ್ಟು ಎದ್ದು ಬನ್ನಿ, ನಾನು ನಿಮ್ಮ ಬೆನ್ನಿಗಿದ್ದೇನೆ. ಉಪಚಾರ ಬೇರೆ, ಊಳಿಗ ಬೇರೆ. ಆ ಗೌಡರ ಮೊಮ್ಮಗನ ದಾರ ಕಟ್ಟಿದ ದಿನವೂ ನಿಮ್ಮ ಮನಸ್ಸಿನಲ್ಲಿ ಊಳಿಗವಿರಲಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು, ಹೇಳಲಿಲ್ಲ ಅಷ್ಟೇ. ದಾವಣಗೆರೆಗೆ ಹೋಗುವ ಮನಸ್ಸಿದ್ದರೆ ಹೋಗೋಣ. ಅಲ್ಲಿ ಜಂಬಿಗೆ ಒಳ್ಳೆಯ ಶಾಲೆಯಿದೆ, ನಾನೂ ವರ್ಗಕ್ಕೆ ಅರ್ಜಿ ಹಾಕುತ್ತೇನೆ. ಆದರೆ ಕಾಲು ಮುಟ್ಟುವುದು ತಪ್ಪುತ್ತದೆಂದು ಮಾತ್ರ ಹೋಗುವುದು ಬೇಡ. ಹೋದರೆ ಆ ಎರಡು ಮಹಡಿಯೊಳಗೂ ಒಂದು ಗಿಡ್ಡ ಸ್ಟೂಲು ಇಡಿಸಿ. ಕೊಟ್ಟೂರಿಗೇ ಬಂದರೆ ನಾನು ಬೇಡವೆನ್ನುವುದಿಲ್ಲ, ಬುತ್ತಿ ತರಲು ಹತ್ತಿರವಾಗುತ್ತದೆ.

ತರಬೇತಿಯ ಗೆಳೆಯರಿಗೆ ನಮ್ಮ ನಮಸ್ಕಾರ ತಿಳಿಸಿ, ಆ ಸರ್‌ಗೂ ತಿಳಿಸಿ. ಜಂಬಿ ಅಪ್ಪನಿಗೆ ಮುತ್ತು ಕೊಟ್ಟಿದ್ದಾಳೆ. ಬೆಂಗಳೂರಿನಿಂದ ಹಲ್ಲು ತರಬೇಕಂತೆ. ಮಫ್ಲರ್ ಕಟ್ಟಿಕೊಳ್ಳಿ, ಹಾಲು ಕುಡಿಯಿರಿ, ಉಳಿದದ್ದು ಎದುರಿಗೆ.

ನಿಮ್ಮ
ಸುಂಕಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಮಾವ ಬಂದು ಬಾಗಿಲಲ್ಲಿ ನಿಂತು, ಬರೆದು ಮುಗಿಯಿತೇ ಎಂದು ಕೇಳಿದರು. ಕೈಯಲ್ಲಿ ಹೊರಸಿನ ಕೆಳಗಿನ ಆ ಡಬ್ಬಿ. ಇವತ್ತು ತಾವೇ ತೆಗೆದು ಹಾಕಿಕೊಂಡು ನೋಡಿದ್ದಾರೆ. ಒಂದು ಬೆರಳಿನಷ್ಟು ಸಣ್ಣದಾಗಿದೆ. ನಾಳೆ ಏಕಾಂತಪ್ಪನವರ ಹತ್ತಿರ ಹೋಗಿ ಬದಲಿಸಿಕೊಂಡು ಬರೋಣ ಎಂದೆ. ಬೇಡವಂತೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ: "ಊರ ಕಾಲೆಲ್ಲ ಹಿಡಿದು ನೋಡಾವ, ಅಪ್ಪನ ಕಾಲಿಗೆ ಅಂದಾಜಿಲೆ ತಂದಾನ. ನಾನೂ ಕಾಲು ಕೊಟ್ಟಿದ್ದಿಲ್ಲ ಬಿಡು. ಎಲ್ಲಿಗೆ ವರ್ಗ ಆದ್ರೂ ಆಗಲಿ, ಮೊದಲು ಇಲ್ಲಿಗೆ ಬರಲಿ ಅನ್ನು. ಬೂದಿ ಬ್ಯಾಡ, ಕಡ್ಡಿ ಬ್ಯಾಡ. ಕೈಯಾಗ ಹಿಡಿದು ನೋಡಿ, ಎಲ್ಲಿ ಕಚ್ಚತೈತಿ ಅಂತ ನನ್ನೂ ಕೇಳಲಿ."